ಲೋಹ ತೆಗೆದ ಕ್ಯಾಥೆಟರ್: ಎಂಆರ್‌ಐ ಒಳಗೆ ಬಿಸಿ ಆಗದ ಶಾಫ್ಟ್ ಮಾಡೋಕೆ ಹೋಗಿ ಒಂಬತ್ತು ಸಲ ಕಟ್ಟಿದ ಕಥೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಯಾವ ಮನುಷ್ಯನ ಒಳಗೂ ಹೋಗಿಲ್ಲ, ಪ್ರಾಣಿ ಒಳಗೂ ಹೋಗಿಲ್ಲ. ಜೆಲ್ ತುಂಬಿದ ಡಬ್ಬಿ, ಸಿಲಿಕೋನ್‌ನಲ್ಲಿ ಮಾಡಿದ ರಕ್ತನಾಳದ ಮಾಡೆಲ್, ಇವೆರಡರ ಒಳಗೆ ಮಾತ್ರ ಹೋಗಿದೆ. ಮಾಡ್ಬೇಕಿದ್ದಿದ್ದು ಒಂದು 6 ಫ್ರೆಂಚ್ ಕ್ಯಾಥೆಟರ್, ಅಂದ್ರೆ ರಕ್ತನಾಳದ ಮೂಲಕ ಹೃದಯದವರೆಗೆ ತೂರಿಸೋ ಸಣ್ಣ ನಳಿಕೆ, ಅದರ ಉದ್ದನೆ ಮೈಗೇ ಶಾಫ್ಟ್ ಅನ್ನೋದು. 1 ಫ್ರೆಂಚ್ ಅಂದ್ರೆ ಒಂದು ಮಿಲಿಮೀಟರ್‌ನ ಮೂರನೇ ಒಂದು ಭಾಗ, ಹಾಗಾಗಿ ಹೊರಗಿನ ದಪ್ಪ 2 ಮಿ.ಮೀ, ಉದ್ದ 110 ಸೆಂ.ಮೀ, ಒಳಗಿನ ತೂತಲ್ಲಿ 0.035 ಇಂಚಿನ ಅಂದ್ರೆ 0.89 ಮಿ.ಮೀ ಗೈಡ್‌ವೈರ್ (ನಳಿಕೆಗೆ ದಾರಿ ತೋರಿಸೋ ತಂತಿ) ಸಲೀಸಾಗಿ ಓಡಾಡ್ಬೇಕು. ಲೆಕ್ಕ ಹಾಕಿದ್ರೆ ಗೋಡೆಗೆ ಉಳಿಯೋದು ಸುಮಾರು ಅರ್ಧ ಮಿಲಿಮೀಟರ್ ಅಷ್ಟೆ, ಆ ಅರ್ಧ ಮಿಲಿಮೀಟರ್ ಒಳಗೇ ಎಲ್ಲಾ ಆಟ.

ಎಕ್ಸ್‌ರೇ ಕೆಳಗೆ ಕ್ಯಾಥೆಟರ್ ಹಾಕೋರಿಗೆ ಶಾಫ್ಟ್ ಒಳಗೆ ಏನಿದೆ ಅನ್ನೋದು ದೊಡ್ಡ ವಿಷಯ ಅಲ್ಲ, ಸ್ಟೇನ್‌ಲೆಸ್ ಸ್ಟೀಲ್ ಬ್ರೇಡ್ (ಜಡೆ ಥರ ಹೆಣೆದ ತಂತಿ) ಇರತ್ತೆ, ತುದೀಲಿ ಪ್ಲಾಟಿನಮ್ ಉಂಗುರ ಇರತ್ತೆ, ಮುಗೀತು. ಆದ್ರೆ ಎಕ್ಸ್‌ರೇಲಿ ಹೃದಯದ ಮಾಂಸ ಕಾಣಲ್ಲ, ನೆರಳು ನೆರಳಾಗಿ ಕಾಣತ್ತೆ ಅಷ್ಟೆ, ಜೊತೆಗೆ ರೇಡಿಯೇಷನ್. ಹುಟ್ಟಿನಿಂದಲೇ ಹೃದಯದ ತೊಂದರೆ ಇರೋ ಮಕ್ಕಳಿಗೆ ಮತ್ತೆ ಮತ್ತೆ ಕ್ಯಾಥೆಟರ್ ಹಾಕ್ಬೇಕಾಗತ್ತೆ, ಅವರಿಗೆ ಅದು ಸಣ್ಣ ಮಾತಲ್ಲ. ಎಂಆರ್‌ಐಲಿ ಕೋಣೆ, ಕವಾಟ, ರಕ್ತದ ಹರಿವು ಎಲ್ಲಾ ಕಾಣತ್ತೆ. 2003ರಲ್ಲೇ ಲಂಡನ್ನಿನಲ್ಲಿ ರೆಜಾ ರಜಾವಿ ಅವರ ತಂಡ ಮಕ್ಕಳಲ್ಲೂ ದೊಡ್ಡವರಲ್ಲೂ ಎಂಆರ್‌ಐ ಮಾರ್ಗದರ್ಶನದಲ್ಲಿ ಹೃದಯದ ಕ್ಯಾಥೆಟರೈಸೇಷನ್ ಮಾಡಿ ತೋರಿಸಿತ್ತು. ಅಷ್ಟು ಹಳೇ ಕೆಲಸ ಇನ್ನೂ ಯಾಕೆ ಎಲ್ಲಾ ಕಡೆ ಮಾಮೂಲಿ ಆಗಿಲ್ಲ ಅಂತ ಕೇಳಿದ್ರೆ ದೊಡ್ಡ ಕಾರಣ ಸ್ಕ್ಯಾನರ್ ಅಲ್ಲ, ಒಳಗೆ ಹಾಕೋ ವೈರು ಮತ್ತು ನಳಿಕೆ.

ಬಿಸಿ ಎಷ್ಟು ಆಗತ್ತೆ ನೋಡೋಣ ಅಂತ

ಕಟ್ಟೋಕೆ ಮುಂಚೆ ಶತ್ರು ಯಾರು ಅಂತ ಕಣ್ಣಾರೆ ನೋಡ್ಬೇಕು ಅನ್ನಿಸ್ತು. 1.5 ಟೆಸ್ಲಾ ಸ್ಕ್ಯಾನರ್‌ನ ರೇಡಿಯೋ ತರಂಗ ಸುಮಾರು 64 ಮೆಗಾಹರ್ಟ್ಜ್. ಗಾಳೀಲಿ ಇದರ ತರಂಗದ ಉದ್ದ 4.7 ಮೀಟರ್, ಆದ್ರೆ ನೀರಿನಂಥ ಮೈ ಒಳಗೆ ಅದು ಅರ್ಧ ಮೀಟರ್ ಆಸುಪಾಸಿಗೆ ಕುಗ್ಗತ್ತೆ. ಅಂದ್ರೆ ಇನ್ಸುಲೇಷನ್ ಇಲ್ಲದ ಒಂದು ಲೋಹದ ತಂತಿ ಒಳಗೆ 25 ಸೆಂ.ಮೀ ಆಸುಪಾಸು ಹೋಯ್ತು ಅಂದ್ರೆ ಸರಿಯಾಗಿ ಅರ್ಧ ತರಂಗ, ಆಂಟೆನಾ ರೆಡಿ. ಮೇಲೆ ಪ್ಲಾಸ್ಟಿಕ್ ಕೋಟಿಂಗ್ ಇದ್ರೆ ಆ ಉದ್ದ ಇನ್ನೂ ಜಾಸ್ತಿ ಆಗತ್ತೆ, ಆದ್ರೆ ತೊಡೆಸಂದಿಂದ ಹೃದಯಕ್ಕೆ ಹೋಗೋ ದಾರೀಲಿ ಎಲ್ಲೋ ಒಂದು ಕಡೆ ಆ ಉದ್ದ ಸಿಕ್ಕೇ ಸಿಗತ್ತೆ. ಹಿಡಿದ ಶಕ್ತಿ ಎಲ್ಲಾ ತುದಿಗೆ ಬಂದು ಅಲ್ಲಿನ ಮಾಂಸದಲ್ಲಿ ಸುರೀತದೆ.

ಪರೀಕ್ಷೆಗೆ ಎಎಸ್‌ಟಿಎಂ ಎಫ್2182 ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ಇರೋ ಜೆಲ್ ಮಾಡ್ದೆ. ಲೀಟರ್ ನೀರಿಗೆ 1.32 ಗ್ರಾಂ ಉಪ್ಪು, 10 ಗ್ರಾಂ ಪಾಲಿಅಕ್ರಿಲಿಕ್ ಆಸಿಡ್ ಪುಡಿ. 20 ಲೀಟರ್‌ಗೆ 26.4 ಗ್ರಾಂ ಉಪ್ಪು, 200 ಗ್ರಾಂ ಪುಡಿ. ಪುಡೀನ ಒಂದೇ ಸಲ ಸುರಿದೆ, ತಪ್ಪು ಮಾಡ್ದೆ, ಮೀನಿನ ಕಣ್ಣಿನ ಥರ ಗಂಟು ಗಂಟಾಗಿ ಕೂತ್ಕೊಂಡ್ತು, ಎಷ್ಟು ತಿರುವಿದ್ರೂ ಕರಗಲಿಲ್ಲ, ಚೆಲ್ಲಿ ಮತ್ತೆ ಮಾಡಿದ್ದಾಯ್ತು. ಎರಡನೇ ಸಲ ಜರಡೀಲಿ ಚೂರು ಚೂರೇ ಉದುರಿಸ್ತಾ ತಿರುವಿ ರಾತ್ರಿಯೆಲ್ಲಾ ಬಿಟ್ಟೆ, ಗುಳ್ಳೆ ಎಲ್ಲಾ ಮೇಲೆ ಬಂತು, ವಾಹಕತೆ ಮೀಟರ್ ಹಾಕಿದ್ರೆ ಮೀಟರ್‌ಗೆ 0.47 ಸೀಮೆನ್ಸ್, ಬೇಕಿದ್ದಿದ್ದೇ ಅಷ್ಟು. ಬರೀ ಉಪ್ಪುನೀರು ಸಾಲದಾ ಅಂತ ಕೇಳ್ತಾರೆ, ಸಾಲದು, ನೀರು ಬಿಸಿಯಾದ ಕೂಡ್ಲೇ ಮೇಲಕ್ಕೆ ಹರಿದು ತಣ್ಣೀರು ಕೆಳಗೆ ಬರತ್ತೆ, ತುದಿ ಎಷ್ಟು ಬಿಸಿ ಆಯ್ತು ಅನ್ನೋದು ಮುಚ್ಚಿಹೋಗತ್ತೆ. ಜೆಲ್ ಅಲುಗಾಡಲ್ಲ.

ಮಾಮೂಲಿ ನಿಟಿನಾಲ್ (ನಿಕಲ್-ಟೈಟಾನಿಯಮ್ ಮಿಶ್ರಲೋಹ) ಗೈಡ್‌ವೈರ್ ತಗೊಂಡು, ತುದಿಗೆ ಫೈಬರ್ ಆಪ್ಟಿಕ್ ಥರ್ಮಾಮೀಟರ್ ಕಟ್ಟಿ (ಲೋಹದ ಥರ್ಮೋಕಪಲ್ ಹಾಕಿದ್ರೆ ಅದೇ ಇನ್ನೊಂದು ಆಂಟೆನಾ ಆಗತ್ತೆ), ಡಬ್ಬಿ ಮಧ್ಯೆ ಇಟ್ಟು ಸ್ಕ್ಯಾನ್ ಮಾಡಿದ್ವಿ. ಏನೂ ಇಲ್ಲ, ಅರ್ಧ ಡಿಗ್ರಿ. ನನ್ನ ಜೊತೆ ಕೆಲ್ಸ ಮಾಡೋರು ಖುಷಿಯಲ್ಲಿ ಇದೆಲ್ಲಾ ಸುಮ್ನೆ ಹೆದರಿಸೋದು ಕಣ್ರೀ ಅಂದ್ಬಿಟ್ರು. ನಂಗೂ ಒಂದು ಕ್ಷಣ ಹಾಗೇ ಅನ್ನಿಸ್ತು. ಆಮೇಲೆ ಹೊಳೀತು, ಬಾಡಿ ಕಾಯಿಲ್‌ನ (ಸ್ಕ್ಯಾನರ್ ಒಳಗೆ ರೇಡಿಯೋ ತರಂಗ ಬಿಡೋ ಸುರುಳಿ) ನಟ್ಟನಡುವೆ ವಿದ್ಯುತ್ ಕ್ಷೇತ್ರ ಹೆಚ್ಚು ಕಮ್ಮಿ ಸೊನ್ನೆ, ಅಂಚಿಗೆ ಹೋದಷ್ಟೂ ಜಾಸ್ತಿ. ವೈರ್‌ನ ಡಬ್ಬಿ ಗೋಡೆಯಿಂದ 2 ಸೆಂ.ಮೀ ದೂರಕ್ಕೆ ಸರಿಸಿ ಅದೇ ಸ್ಕ್ಯಾನ್ ಹಾಕಿದ್ರೆ ಒಂದು ನಿಮಿಷದಲ್ಲಿ 22 ಡಿಗ್ರಿ ಏರಿಬಿಡ್ತು. ಯಾರೂ ಮಾತಾಡ್ಲಿಲ್ಲ. ವೈರ್‌ನ 5 ಸೆಂ.ಮೀ ಹೊರಗೆ ಎಳೆದ್ರೆ ಏರಿಕೆ ಪೂರ್ತಿ ಬೇರೆ, ಥರ್ಮಾಮೀಟರ್‌ನ ತುದಿಯಿಂದ 2 ಮಿ.ಮೀ ಆಚೆ ಸರಿಸಿದ್ರೆ ಬಿಸಿ ಇದ್ದಿದ್ದೇ ಗೊತ್ತಾಗಲ್ಲ. 2000ರಲ್ಲಿ ಕೋನಿಂಗ್ಸ್ ಮತ್ತು ಜೊತೆಗಾರರು ಅಳೆದಾಗ 30 ಸೆಕೆಂಡ್ ಸ್ಕ್ಯಾನ್‌ಗೆ 26 ಡಿಗ್ರಿಯಲ್ಲಿದ್ದ ಗೈಡ್‌ವೈರ್ ತುದಿ 74 ಡಿಗ್ರಿವರೆಗೂ ಹೋಗಿತ್ತು, ಅದನ್ನ ಓದಿದಾಗ ಅಳತೇನೇ ಸರಿಯಿಲ್ವೇನೋ ಅಂದ್ಕೊಂಡಿದ್ದೆ, ಈಗ ಅರ್ಥ ಆಯ್ತು. ಒಂದು ಸಲ ತಣ್ಣಗಿತ್ತು ಅಂದ್ರೆ ಅದರಿಂದ ಏನೂ ತೀರ್ಮಾನ ಮಾಡೋಕಾಗಲ್ಲ.

ಇದಕ್ಕೆ ಬೇರೆ ದಾರಿನೂ ಇದೆ, ಸ್ಕ್ಯಾನರ್‌ನ ಬಲವನ್ನೇ ಇಳಿಸೋದು. ಅದೇ ಥರದ ಸ್ಕ್ಯಾನ್‌ಗೆ ಮೈ ಹೀರೋ ರೇಡಿಯೋ ಶಕ್ತಿ ಹೆಚ್ಚು ಕಮ್ಮಿ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಹೋಗತ್ತೆ, 1.5ರಿಂದ 0.55 ಟೆಸ್ಲಾಗೆ ಬಂದ್ರೆ ಏಳು ಪಟ್ಟಿಗಿಂತ ಜಾಸ್ತಿ ಇಳಿಯತ್ತೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ ತಂಡ 2019ರಲ್ಲಿ ಅಂಥ 0.55 ಟೆಸ್ಲಾ ಸ್ಕ್ಯಾನರ್‌ನಲ್ಲಿ ಲೋಹದ ಗೈಡ್‌ವೈರ್ ಇಟ್ಕೊಂಡೇ ರೋಗಿಗಳಿಗೆ ಕ್ಯಾಥೆಟರೈಸೇಷನ್ ಮಾಡಿದ್ದನ್ನ ಪ್ರಕಟಿಸಿದೆ. ನಂಗೆ ಆ ದಾರಿ ಬಹಳ ಇಷ್ಟ, ಆದ್ರೆ ನಮಗೆ ಟೈಮ್ ಸಿಗೋದು 1.5 ಟೆಸ್ಲಾ ಮಷೀನ್ ಮೇಲೆ, ಹಾಗಾಗಿ ಲೋಹ ತೆಗೀಲೇಬೇಕು.

ಲೋಹ ತೆಗೆದ್ರೆ ಉಳಿಯೋದು ಒದ್ದೆ ದಾರ

ಬ್ರೇಡ್ ಯಾಕೆ ಇರತ್ತೆ ಅಂದ್ರೆ ತಿರುವೋದಕ್ಕೆ. ಡಾಕ್ಟರು ಹೊರಗೆ ಹಬ್ (ಕೈಲಿ ಹಿಡಿಯೋ ಹಿಂದಿನ ತುದಿ) ಹಿಡಿದು ಕಾಲು ಸುತ್ತು ತಿರುಗಿಸಿದ್ರೆ ಒಂದು ಮೀಟರ್ ಆಚೆ ಹೃದಯದ ಒಳಗೆ ತುದಿನೂ ಕಾಲು ಸುತ್ತು ತಿರುಗ್ಬೇಕು, ತಡವಾಗಿ ಅಲ್ಲ, ಒಮ್ಮೆಲೇ ಜಿಗಿದೂ ಅಲ್ಲ. ಬ್ರೇಡ್ ಇಲ್ಲದ ಬರೀ ಪ್ಲಾಸ್ಟಿಕ್ ನಳಿಕೇನ ತಿರುಗಿಸಿದ್ರೆ ಅದು ಮಧ್ಯದಲ್ಲೇ ಹುರಿಗೊಳ್ಳತ್ತೆ, ತುದಿ ಸುಮ್ನೆ ಕೂತಿರತ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ಚಟಕ್ ಅಂತ ತಿರುಗತ್ತೆ. ಹೃದಯದ ಒಳಗೆ ಚಟಕ್ ಅನ್ನೋದು ಒಳ್ಳೇದಲ್ಲ.

ಶಾಫ್ಟ್ 1ಕ್ಕೆ ಪೀಕ್ ಎಳೆ ಹಾಕಿ ಬ್ರೇಡ್ ಮಾಡ್ದೆ. ಪೀಕ್ ಒಳ್ಳೇ ಪ್ಲಾಸ್ಟಿಕ್, 343 ಡಿಗ್ರಿವರೆಗೆ ಕರಗಲ್ಲ, ಮಷೀನ್ ಮೇಲೆ ಚೆನ್ನಾಗಿ ಓಡತ್ತೆ. ಆದ್ರೆ ಬಿಗಿತ 4 ಗಿಗಾಪಾಸ್ಕಲ್ ಸುತ್ತಮುತ್ತ, ಸ್ಟೀಲ್‌ದು 190ರ ಮೇಲೆ. ಈ ಲೆಕ್ಕ ಗೊತ್ತಿದ್ದೂ ಯಾಕೆ ಮಾಡ್ದೆ ಅಂದ್ರೆ ಎಳೆ ಕೈಲಿತ್ತು, ಅಷ್ಟೆ. ಮಾಡೆಲ್‌ನ ಬಾಗಿದ ದಾರೀಲಿ ಹಾಕಿ ಹಬ್ 90 ಡಿಗ್ರಿ ತಿರುಗಿಸಿದ್ರೆ ತುದಿ ಕದಲ್ಲೇ ಇಲ್ಲ.

ಶಾಫ್ಟ್ 2ರಿಂದ ಕೆವ್ಲಾರ್, ಗುಂಡು ತಡೆಯೋ ಜಾಕೆಟ್‌ಗೆ ಹಾಕೋ ನಾರು. ಎಳೆತಕ್ಕೆ ಕೆವ್ಲಾರ್ ಭಾರಿ ಗಟ್ಟಿ, 100 ಗಿಗಾಪಾಸ್ಕಲ್ ಹತ್ತಿರ ಬರತ್ತೆ, ಆದ್ರೆ ಒತ್ತಿದ್ರೆ ಏನೂ ಇಲ್ಲ, ದಾರ ದಾರವೇ. ನಳಿಕೆ ತಿರುಗಿಸಿದಾಗ ಬ್ರೇಡ್‌ನಲ್ಲಿ ಒಂದು ದಿಕ್ಕಿಗೆ ಸುತ್ತಿದ ಎಳೆಗಳು ಎಳೆತಕ್ಕೆ ಸಿಗ್ತವೆ, ಎದುರು ದಿಕ್ಕಿನವು ಒತ್ತಡಕ್ಕೆ, ಹಾಗಾಗಿ ಯಾವ ಕಡೆ ತಿರುಗಿಸಿದ್ರೂ ಅರ್ಧ ಎಳೆಗಳು ಕೆಲ್ಸ ಮಾಡ್ತವೆ, ಉಳಿದರ್ಧ ರಜ. ಆದ್ರೂ ಪೀಕ್‌ಗಿಂತ ಎಷ್ಟೋ ವಾಸಿ. ಎಳೆಗಳು 45 ಡಿಗ್ರಿ ಓರೆಯಲ್ಲಿದ್ರೆ ತಿರುವೋದು ಚೆನ್ನಾಗಿ ಬರತ್ತೆ, ಉದ್ದಕ್ಕೆ ಮಲಗಿಸಿದ್ರೆ ತಳ್ಳೋಕೆ ಒಳ್ಳೇದು, ಅಡ್ಡಕ್ಕೆ ಒತ್ತೊತ್ತಾಗಿ ಹೆಣೆದ್ರೆ ನಳಿಕೆ ಮಡಚಿಕೊಳ್ಳಲ್ಲ. ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅನ್ನೋ ಹಾಗೆ ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಕೈ ಕೊಡತ್ತೆ. ಕೊನೆಗೆ ಹಿಂದಿನ 90 ಸೆಂ.ಮೀ 45 ಡಿಗ್ರಿ, ಮುಂದಿನ 20 ಸೆಂ.ಮೀ ಒತ್ತಾಗಿ ಅಂತ ಇಟ್ಕೊಂಡೆ.

ಕಟ್ಟೋ ಕ್ರಮ ಮಾಮೂಲಿ ಕ್ಯಾಥೆಟರ್‌ದೇ. ಮ್ಯಾಂಡ್ರೆಲ್ (ಅಚ್ಚಿನ ಕಡ್ಡಿ) ಮೇಲೆ ತೆಳ್ಳಗಿನ ಪಿಟಿಎಫ್‌ಇ ಲೈನರ್ (ಟೆಫ್ಲಾನ್‌ನ ಒಳಪದರ), ಅದರ ಮೇಲೆ ಬ್ರೇಡ್, ಅದರ ಮೇಲೆ ಪೀಬ್ಯಾಕ್ಸ್ ಅನ್ನೋ ಪ್ಲಾಸ್ಟಿಕ್‌ನ ನಳಿಕೆ ತುಂಡುಗಳು, ಹಬ್ ಕಡೆ ಗಟ್ಟಿ 72ಡಿ (ಡಿ ಅನ್ನೋದು ಗಡಸುತನದ ಅಳತೆ), ಆಮೇಲೆ 63, 55, ತುದೀಲಿ ಮೆತ್ತಗಿನ 35ಡಿ. ಎಲ್ಲದರ ಮೇಲೆ ಎಫ್‌ಇಪಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗೋ ಪ್ಲಾಸ್ಟಿಕ್ ಕೊಳವೆ) ಹಾಕಿ ಹಾಟ್ ಏರ್‌ನಲ್ಲಿ ನಿಧಾನಕ್ಕೆ ಎಳೀಬೇಕು, ಒಳಗೆ ಪೀಬ್ಯಾಕ್ಸ್ ಕರಗಿ ಬ್ರೇಡ್ ಸಂದಿಗೆಲ್ಲಾ ಇಳಿಯತ್ತೆ, ಹೊರಗಿನ ಎಫ್‌ಇಪಿ ಕರಗಲ್ಲ, ಕುಗ್ಗಿ ಒತ್ತತ್ತೆ, ತಣ್ಣಗಾದ್ಮೇಲೆ ಅದನ್ನ ಸೀಳಿ ಸುಲಿದು ಬಿಸಾಕೋದು. ಲೈನರ್‌ನ ಹೊರಮೈ ಕೆಮಿಕಲ್ ಎಚ್ಚಿಂಗ್ ಆಗಿರ್ಬೇಕು, ಇಲ್ಲದಿದ್ರೆ ಪಿಟಿಎಫ್‌ಇಗೆ ಯಾವುದೂ ಅಂಟಲ್ಲ, ಶಾಫ್ಟ್ ಬಗ್ಗಿಸಿದ್ರೆ ಒಳಗಿನ ಪದರ ಬೇರೆ ಹೊರಗಿನದು ಬೇರೆ.

ಶಾಫ್ಟ್ 3 ಪೂರ್ತಿ ಗುಳ್ಳೆ. ಹಾಟ್ ಏರ್ ಟೆಂಪರೇಚರ್ ಇಳಿಸಿದೆ, ಸ್ಪೀಡ್ ಇಳಿಸಿದೆ, ಶಾಫ್ಟ್ 4ರಲ್ಲೂ ಗುಳ್ಳೆ. ಎರಡು ವಾರ ನಾಝಲ್ ಮೇಲೆ ಅನುಮಾನ ಪಟ್ಟೆ. ಕೊನೆಗೆ ನೋಡಿದ್ರೆ ಪೀಬ್ಯಾಕ್ಸ್ ಪ್ಯಾಕೆಟ್ ತೆರೆದೇ ಇಟ್ಟಿದ್ವಿ, ಅದು ಗಾಳೀಲಿರೋ ತೇವ ಹೀರ್ಕೊಳ್ಳತ್ತೆ, ಕರಗಿಸಿದಾಗ ಆ ತೇವ ಆವಿಯಾಗಿ ಗುಳ್ಳೆ. ಕೆವ್ಲಾರೂ ತೇವ ಹೀರತ್ತೆ, ಅದು ಇನ್ನೊಂದು. ಈಗ ಎರಡನ್ನೂ ಹಿಂದಿನ ದಿನ 70 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಆಮೇಲೇ ಕೆಲ್ಸ ಶುರು, ಗುಳ್ಳೆ ಮಾಯ.

ಇಲ್ಲದ ಮಾರ್ಕರ್ ಕಾಣಿಸ್ತು

ಶಾಫ್ಟ್ 5ರಲ್ಲಿ ಮಾರ್ಕರ್ (ತುದಿ ಎಲ್ಲಿದೆ ಅಂತ ಚಿತ್ರದಲ್ಲಿ ಕಾಣಿಸೋ ಗುರುತು) ಹಾಕಿರ್ಲಿಲ್ಲ, ಬರೀ ಬಿಸಿ ಪರೀಕ್ಷೆಗೆ ಅಂತ ಮಾಡಿದ್ದು. ಬಿಸಿ ವಿಷಯದಲ್ಲಿ ಚಿನ್ನದಂಥ ಫಲಿತಾಂಶ, ಅಂಚಲ್ಲಿ ಇಟ್ಟು ಹೇಗೆ ಸರಿಸಿ ಎಷ್ಟು ಉದ್ದ ಹಾಕಿದ್ರೂ ಖಾಲಿ ಜೆಲ್ ಎಷ್ಟು ಬಿಸಿ ಆಗತ್ತೋ ಅಷ್ಟೇ. ಒಳಗೆ ಸಲೈನ್ ತುಂಬಿದ್ರೆ ಅದೇ ತಂತಿ ಥರ ಆಗಲ್ವಾ ಅಂತ ಒಬ್ರು ಕೇಳಿದ್ರು, ಒಳ್ಳೇ ಪ್ರಶ್ನೆ, ಅದನ್ನೂ ತುಂಬಿ ನೋಡ್ದೆ, ಆಗಲ್ಲ. ಸಲೈನ್ ವಾಹಕತೆ ಮೀಟರ್‌ಗೆ ಒಂದೂವರೆ ಸೀಮೆನ್ಸ್, ತಾಮ್ರದ್ದು 5.8 ಕೋಟಿ, ಹೋಲಿಕೇನೇ ಇಲ್ಲ.

ಆದ್ರೆ ಚಿತ್ರ ನೋಡಿದ್ರೆ ಶಾಫ್ಟ್ ಮಧ್ಯದಲ್ಲಿ, ಹಬ್‌ನಿಂದ 60 ಸೆಂ.ಮೀ ಹತ್ತಿರ, ಕಡ್ಲೆಕಾಳಿನಷ್ಟು ಕಪ್ಪು ಚುಕ್ಕೆ. ಅಲ್ಲಿ ಏನೂ ಹಾಕಿಲ್ಲ. ಶಾಫ್ಟ್ ಸೀಳಿ ಮೈಕ್ರೋಸ್ಕೋಪ್ ಕೆಳಗೆ ನೋಡಿದ್ರೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಒಂದು ಸ್ಟೀಲ್ ಚೂರು, ಎಫ್‌ಇಪಿ ಸೀಳೋವಾಗ ಬ್ಲೇಡ್‌ನ ಮೊನೆ ಮುರಿದು ಪೀಬ್ಯಾಕ್ಸ್ ಒಳಗೆ ಕೂತಿದೆ. ಅವತ್ತಿಂದ ಸೆರಾಮಿಕ್ ಬ್ಲೇಡ್. ಬೆಂಚ್ ಮೇಲೆ ಸ್ಟೀಲ್ ಫೈಲ್, ಹಳೇ ಕತ್ತರಿ ಯಾವುದೂ ಇಲ್ಲ, ಮ್ಯಾಂಡ್ರೆಲ್ ಕೂಡ ಬೆಳ್ಳಿ ಲೇಪದ ತಾಮ್ರದ್ದು, ಎರಡೂ ತುದಿ ಹಿಡಿದು ಎಳೆದ್ರೆ ಉದ್ದವಾಗಿ ಸಣ್ಣಗಾಗಿ ಸಲೀಸಾಗಿ ಹೊರಗೆ ಬರತ್ತೆ. ಬರೋ ಪ್ರತಿ ಹಬ್ಬು ವಾಲ್ವು ಎಲ್ಲಾ ಮೊದ್ಲು ಗಟ್ಟಿ ಮ್ಯಾಗ್ನೆಟ್ ಹತ್ರ ದಾರಕ್ಕೆ ಕಟ್ಟಿ ನೇತಾಡಿಸಿ ನೋಡ್ತೀವಿ, ಒಂದು ಬಲೂನ್ ವಾಲ್ವ್ ಒಳಗೆ ಪುಟ್ಟ ಸ್ಪ್ರಿಂಗ್ ಇದ್ದಿದ್ದು ಹಾಗೇ ಸಿಕ್ಕಿದ್ದು.

ಮಾರ್ಕರ್, ಅಂದ್ರೆ ಘನಮೂಲದ ಕಾಟ

ಲೋಹ ಇಲ್ಲದ ಪ್ಲಾಸ್ಟಿಕ್ ನಳಿಕೆ ಎಂಆರ್‌ಐಲಿ ತೆಳ್ಳಗೆ ಕಪ್ಪು ಗೆರೆಯಾಗಿ ಕಂಡ್ರೆ ಕಾಣತ್ತೆ, ಇಲ್ಲಾಂದ್ರೆ ಇಲ್ಲ. ತುದಿ ಎಲ್ಲಿದೆ ಅಂತ ಗೊತ್ತಾಗ್ಬೇಕಲ್ಲ. ಒಂದು ಉಪಾಯ, ತುದೀಲಿ ಬಲೂನ್ ಇಟ್ಟು ಕಾರ್ಬನ್ ಡೈಆಕ್ಸೈಡ್ ತುಂಬಿದ್ರೆ ಕಪ್ಪಗೆ, ನೀರು ಬೆರೆಸಿದ ಗ್ಯಾಡೋಲಿನಿಯಮ್ (ಎಂಆರ್‌ಐ ಕಾಂಟ್ರಾಸ್ಟ್ ದ್ರವ) ತುಂಬಿದ್ರೆ ಬೆಳ್ಳಗೆ ಕಾಣತ್ತೆ. ನಮಗೆ ಬಲೂನ್ ಬೇಡ, ಹಾಗಾಗಿ ಎಪಾಕ್ಸಿಗೆ ಐರನ್ ಆಕ್ಸೈಡ್ ಪುಡಿ ಕಲಸಿ ಶಾಫ್ಟ್ 6ರ ತುದೀಲಿ ಸಣ್ಣ ಉಂಗುರ ಹಾಕ್ದೆ. ಸ್ಕ್ಯಾನ್ ಮಾಡಿದ್ರೆ 3 ಸೆಂ.ಮೀ ಅಗಲದ ಕಪ್ಪು ಹೂವು. ದೊಡ್ಡವರ ಮಹಾಪಧಮನಿಯೇ ಹೆಚ್ಚು ಕಮ್ಮಿ ಅಷ್ಟಿರತ್ತೆ, ಅಂದ್ರೆ ರಕ್ತನಾಳವನ್ನೇ ಅಳಿಸಿ ಹಾಕ್ದೆ.

ಸರಿ ಪುಡಿ ಅರ್ಧ ಮಾಡೋಣ ಅಂತ ಶಾಫ್ಟ್ 7. ಹೂವು 2.4 ಸೆಂ.ಮೀ. ಇಲ್ಲಿ ನಾನು ಕೂತು ಕಾಗದದ ಮೇಲೆ ಲೆಕ್ಕ ಹಾಕ್ಬೇಕಿತ್ತು, ಹಾಕಿದ್ದು ತಡವಾಗಿ. ಪುಟ್ಟ ಮ್ಯಾಗ್ನೆಟ್‌ನ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯತ್ತೆ, ಹಾಗಾಗಿ ಕಪ್ಪು ಕಲೆಯ ಅಗಲ ಪುಡಿಯ ಪ್ರಮಾಣದ ಘನಮೂಲಕ್ಕೆ ತಕ್ಕಂತೆ ಹೋಗತ್ತೆ. ಪುಡಿ ಅರ್ಧ ಮಾಡಿದ್ರೆ ಕಲೆ ಐದನೇ ಒಂದು ಭಾಗ ಮಾತ್ರ ಸಣ್ಣಗಾಗೋದು, ಕಲೆ ಅರ್ಧ ಆಗ್ಬೇಕಂದ್ರೆ ಪುಡಿ ಎಂಟನೇ ಒಂದು ಭಾಗ ಆಗ್ಬೇಕು. ನಂಗೆ ಬೇಕಿದ್ದಿದ್ದು 8 ಮಿ.ಮೀ, ಅಂದ್ರೆ ಮೊದಲಿನ ಪುಡಿಯ 50ನೇ ಒಂದು ಭಾಗ. ಅಷ್ಟು ಕಮ್ಮಿ ಪುಡೀನ ಸಮನಾಗಿ ಕಲಸೋದೇ ಕಷ್ಟ, ನೇರ ತೂಕ ಹಾಕಿದ್ರೆ ತಕ್ಕಡಿ ನಂಬೋಕಾಗಲ್ಲ, ಹಾಗಾಗಿ ಗಟ್ಟಿ ಮಿಶ್ರಣ ಮಾಡಿ ಅದನ್ನ ಎಪಾಕ್ಸೀಲೇ ಹತ್ತು ಪಟ್ಟು ತೆಳ್ಳಗೆ ಮಾಡಿ, ಮತ್ತೆ ಐದು ಪಟ್ಟು ತೆಳ್ಳಗೆ ಮಾಡಿ ಹಾಕಿದ್ದು. ಇದರಲ್ಲಿ ಒಂದು ಒಳ್ಳೇ ಸುದ್ದಿನೂ ಅಡಗಿದೆ, ಕಲಸೋದ್ರಲ್ಲಿ ನೂರಕ್ಕೆ ಹತ್ತು ಹೆಚ್ಚು ಕಮ್ಮಿ ಆದ್ರೂ ಕಲೆಯ ಅಗಲದಲ್ಲಿ ಮೂರು ಪರ್ಸೆಂಟ್ ವ್ಯತ್ಯಾಸ, ಕಣ್ಣಿಗೇ ಕಾಣಲ್ಲ.

ಮಾರ್ಕರ್ ಒಂದೇ ಸಾಲದು ಅಂತ ಗೊತ್ತಾಗಿದ್ದು ನೀರು ಹರಿಯೋ ಮಾಡೆಲ್‌ನಲ್ಲಿ. ರಿಯಲ್‌ಟೈಮ್ ಚಿತ್ರದ ಸ್ಲೈಸ್ (ಒಂದು ಸಲಕ್ಕೆ ಕಾಣೋ ಪದರ) 8 ಮಿ.ಮೀ ದಪ್ಪ, ತುದಿ ಆ ಸ್ಲೈಸ್‌ನಿಂದ ಆಚೆ ಹೋದ್ರೆ ಮಾಯ, ನಾನು ನೋಡ್ತಿದ್ದ ಕಪ್ಪು ಚುಕ್ಕೆ ತುದೀನೋ ಅಥವಾ ಶಾಫ್ಟ್ ಸ್ಲೈಸ್‌ನ ದಾಟಿ ಹೋಗೋ ಜಾಗಾನೋ ಗೊತ್ತಾಗ್ಲಿಲ್ಲ, ಐದು ನಿಮಿಷ ತಪ್ಪು ಚುಕ್ಕೆ ಹಿಂದೆ ಓಡಾಡ್ದೆ. ಈಗ ಶಾಫ್ಟ್ 8ರಿಂದ ಮೂರು ಮಾರ್ಕರ್, ತುದೀಲಿ ಎರಡು ಹತ್ತಿರ ಹತ್ತಿರ, 3 ಸೆಂ.ಮೀ ಹಿಂದೆ ಒಂದು. ಮೂರೂ ಕಂಡ್ರೆ ಶಾಫ್ಟ್ ಸ್ಲೈಸ್ ಒಳಗಿದೆ, ಜೋಡಿ ಇರೋ ಕಡೆ ತುದಿ.

ಒಂದು ತಮಾಷೆ. ಸ್ಟ್ಯಾಂಡರ್ಡ್ ಪ್ರಕಾರ ಎಂಆರ್ ಸೇಫ್ ಅನ್ನೋ ಹೆಸರು ಬೇಕಂದ್ರೆ ವಸ್ತು ವಿದ್ಯುತ್ ಹರಿಸಬಾರ್ದು, ಲೋಹ ಇರಬಾರ್ದು, ಮ್ಯಾಗ್ನೆಟಿಕ್ಕೂ ಇರಬಾರ್ದು. ಇಷ್ಟೆಲ್ಲಾ ಕಷ್ಟ ಪಟ್ಟು ಲೋಹ ತೆಗೆದು, ಕೊನೆಗೆ ಕಾಣಿಸ್ಲಿ ಅಂತ ಚಿಟಿಕೆಯಷ್ಟೂ ಇಲ್ಲದ ಐರನ್ ಆಕ್ಸೈಡ್ ಹಾಕಿದ್ದಕ್ಕೆ ನಮ್ಮದು ಆ ಸಾಲಿಗೆ ಸೇರಲ್ಲ, ಎಂಆರ್ ಕಂಡೀಷನಲ್ ಅಂತಾನೇ ಪರೀಕ್ಷೆ ಮಾಡ್ಸಿ ಷರತ್ತು ಬರೀಬೇಕು.

ಮಾರ್ಕರ್ ಬಿಟ್ಟು ತುದೀಲಿ ಪುಟ್ಟ ಕಾಯಿಲ್ ಇಡೋ ದಾರೀನೂ ಇದೆ, ಡುಮೂಲಿನ್ ಮತ್ತು ಜೊತೆಗಾರರು 1993ರಲ್ಲೇ ಅದನ್ನ ತೋರಿಸಿದ್ರು, ಸ್ಕ್ಯಾನರೇ ತುದಿ ಎಲ್ಲಿದೆ ಅಂತ ಹೇಳತ್ತೆ, ಸ್ಲೈಸ್ ತಾನೇ ಹಿಂಬಾಲಿಸತ್ತೆ. ಆದ್ರೆ ಕಾಯಿಲ್‌ನಿಂದ ಹೊರಗೆ ಬರೋ ಕೇಬಲ್ ತಾಮ್ರ, ಮತ್ತೆ ಅದೇ ಆಂಟೆನಾ. ಕೇಬಲ್‌ನ ತುಂಡು ಮಾಡಿ ಮಧ್ಯೆ ಮಧ್ಯೆ ಪುಟಾಣಿ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಉದ್ದಕ್ಕೂ ಕರೆಂಟ್ ಹರಿಯಲ್ಲ, ಆದ್ರೆ 2 ಮಿ.ಮೀ ಶಾಫ್ಟ್ ಒಳಗೆ ಅದನ್ನ ಕೂರಿಸೋಕೆ ಹೋಗಿ ಎರಡು ತುಂಡು ಹಾಳು ಮಾಡಿದೀನಿ, ಸದ್ಯಕ್ಕೆ ಡಬ್ಬೀಲಿದೆ.

37 ಡಿಗ್ರಿ

ಶಾಫ್ಟ್ 8 ಬೆಂಚ್ ಮೇಲೆ ಎಲ್ಲಾ ಪಾಸ್. ಬಿಸಿ ಇಲ್ಲ, ಮೂರು ಚುಕ್ಕೆ ಚೆನ್ನಾಗಿ ಕಾಣತ್ತೆ, ಹಬ್ 90 ತಿರುಗಿಸಿದ್ರೆ ತುದಿ 70ಕ್ಕೂ ಜಾಸ್ತಿ ಬರತ್ತೆ. ಖುಷೀಲಿ ಫೋಟೋ ಎಲ್ಲಾ ತೆಗೆದ್ವಿ. ಆಮೇಲೆ ಯಾರೋ ಮಾಡೆಲ್‌ನ ನೀರು ಬೆಚ್ಚಗೆ ಮಾಡಿ ನೋಡ್ರಿ ಅಂದ್ರು. 37 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಬಿಟ್ಟು ತಿರುಗಿಸಿದ್ರೆ ತುದಿ 35 ಬಂತು. ತುದಿಗೆ ಕೊಟ್ಟಿದ್ದ ಬಾಗು ಕೂಡ ನಿಧಾನಕ್ಕೆ ಬಿಚ್ಕೊಳ್ತಾ ಹೋಯ್ತು. ಸ್ಟೀಲ್‌ಗೆ 20 ಡಿಗ್ರಿನೂ 37 ಡಿಗ್ರಿನೂ ಒಂದೇ, ಪೀಬ್ಯಾಕ್ಸ್‌ಗೆ ಒಂದೇ ಅಲ್ಲ, ಬೆಚ್ಚಗಾಗಿ ನೀರು ಕುಡಿದ್ರೆ ಮೆತ್ತಗಾಗತ್ತೆ, ಮೆತ್ತಗಾದ್ರೆ ಕೆವ್ಲಾರ್ ಎಳೆಗಳನ್ನ ಜಾಗದಲ್ಲಿ ಹಿಡಿಯೋರೇ ಇಲ್ಲ, ಎಳೆ ಒಳಗೊಳಗೇ ಜಾರತ್ತೆ. ಕೆವ್ಲಾರ್‌ಗೆ ಪೀಬ್ಯಾಕ್ಸ್ ಅಷ್ಟಾಗಿ ಅಂಟೋದೂ ಇಲ್ಲ.

ಶಾಫ್ಟ್ 9ರಲ್ಲಿ ಹಿಂದಿನ 90 ಸೆಂ.ಮೀ ಪೂರ್ತಿ 72ಡಿ ಮಾಡ್ದೆ, ಕೆವ್ಲಾರ್ ಜೊತೆ ಗ್ಲಾಸ್ ಫೈಬರ್ ಎಳೆಗಳನ್ನ ಸೇರಿಸಿ ಹೆಣೆದೆ, ಗ್ಲಾಸ್ ಬಿಗಿತ 70 ಗಿಗಾಪಾಸ್ಕಲ್, ಒತ್ತಡಕ್ಕೂ ನಿಲ್ಲತ್ತೆ, ಆದ್ರೆ ಜಾಸ್ತಿ ಬಗ್ಗಿಸಿದ್ರೆ ಮುರಿಯತ್ತೆ ಅನ್ನೋ ಭಯಕ್ಕೆ ಮುಂದಿನ 20 ಸೆಂ.ಮೀಗೆ ಅದನ್ನ ತರಲಿಲ್ಲ. ಬಾಗು ಕೊಟ್ಟ ಮೇಲೆ ಓವನ್‌ನಲ್ಲಿ ಅಚ್ಚಿನೊಳಗೇ ಇಟ್ಟು ರಾತ್ರಿಯೆಲ್ಲಾ ನಿಧಾನಕ್ಕೆ ತಣ್ಣಗಾಗೋಕೆ ಬಿಟ್ಟೆ. ಇವತ್ತು 37 ಡಿಗ್ರಿ ನೀರಲ್ಲಿ ಎರಡು ಗಂಟೆ ಆದ್ಮೇಲೆ ಹಬ್ 90ಕ್ಕೆ ತುದಿ 62. ಬಾಗು ಸ್ವಲ್ಪ ಬಿಚ್ಕೊಂಡಿದೆ, ಪೂರ್ತಿ ಅಲ್ಲ. ಹಬ್ ಹತ್ರ ಒಂದು ಕಡೆ ಕೈಯಾಡಿಸಿದ್ರೆ ಚುಚ್ಚತ್ತೆ, ಗ್ಲಾಸ್ ಎಳೆಯೊಂದು ಪೀಬ್ಯಾಕ್ಸ್ ತೂರಿ ಹೊರಗೆ ಇಣುಕ್ತಿದೆ, ನಾಳೆ ಅಲ್ಲಿ ಕೊಯ್ದು ನೋಡ್ತೀನಿ.